ದವಾಖಾನೆಯಲ್ಲಿ ಅಪ್ಪ ಗುರುತು ಹಿಡಿಯದಿದ್ದಾಗ

1894ರಲ್ಲಿ ಡಾ. ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದಂದಿನಿಂದ ಜತ್ತ, ಅಥಣಿ, ಕಾಗವಾಡದ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ, ಇಲ್ಲವೇ ವಿಶ್ರಾಮಬಾಗದ ಹಾದಿ. ಅಲ್ಲಿ ‘ಅತಿದಕ್ಷತಾ ವಿಭಾಗ’ ಎಂಬ ಫಲಕವಿರುವ ಕೋಣೆಯಲ್ಲಿ ಉಸಿರಾಟದ ನಳಿಕೆ ಹಾಕಿ, ನಿದ್ದೆಯ ಔಷಧ ಕೊಟ್ಟು ಮಲಗಿಸಿದ ಅಪ್ಪ ಎಚ್ಚರಾದಾಗ ಮಗನನ್ನೇ ಗುರುತಿಸದಿರಬಹುದು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎನ್ನಬಹುದು. ಇದು ಹುಚ್ಚಲ್ಲ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದುದನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೋಂಕು, ಔಷಧ, ನಿದ್ದೆಗೇಡು ಸೇರಿ ಮಿದುಳು ಕಂಗೆಡುತ್ತದೆ. ಹಗಲು ಸರಿಯಿದ್ದವರು ರಾತ್ರಿ ಕೆಡುತ್ತಾರೆ. ಕೆಲವರು ಮಂಕಾಗಿ ಸುಮ್ಮನೆ ಮಲಗಿಬಿಡುತ್ತಾರೆ. ಅದು ಕಣ್ಣಿಗೆ ಬೀಳುವುದು ಕಡಿಮೆ, ಸಿಸ್ಟರಿಗೆ ಹೇಳಲೇಬೇಕು.

ನಮ್ಮ ಗಡಿಯವರಿಗೆ ಇನ್ನೊಂದು ತೊಡಕು. ‘ಬಾಬಾ, ಆಜ ಕೋಣತಾ ವಾರ ಆಹೆ?’ ಎಂದು ಸಿಸ್ಟರ್ ಕೇಳುತ್ತಾರೆ. ಸಂತೆಯಲ್ಲಿ ಸಲೀಸಾಗಿ ಮರಾಠಿ ಆಡುವ ಅಜ್ಜನಿಗೂ ಆ ಹೊತ್ತಿಗೆ ಮನೆಮಾತಷ್ಟೇ ಒದಗಬಹುದು. ಆದ್ದರಿಂದ ಅಜ್ಜನ ಮನೆಮಾತು ಕನ್ನಡ ಎಂದು ಮೊದಲೇ ತಿಳಿಸಿರಿ. ಪ್ರಶ್ನೆಯನ್ನು ನೀವೇ ಕನ್ನಡದಲ್ಲಿ ಕೇಳಿ, ಬಂದ ಉತ್ತರವನ್ನು ಇದ್ದಂತೆಯೇ ಹೇಳಿರಿ. ತಿದ್ದಿ ಹೇಳಬೇಡಿರಿ. ಕುಡಿತದ ಚಟವಿದ್ದರೆ ಮುಚ್ಚಿಡಬೇಡಿರಿ. ದಿಢೀರನೆ ಕುಡಿತ ನಿಂತದ್ದರಿಂದಲೂ ಸನ್ನಿ ಬರುತ್ತದೆ, ಅದರ ಉಪಚಾರ ಬೇರೆ.

ಕನ್ನಡಕ, ಕಿವಿಯ ಮಷೀನು ತಂದುಕೊಡಿರಿ. ‘ಅಪ್ಪಾ, ನೀವು ಮಿರಜ ದವಾಖಾನ್ಯಾಗ ಅದೀರಿ, ಇವತ್ತ ಸೋಮವಾರ’ ಎಂದು ಮೆಲ್ಲಗೆ ಮತ್ತೆ ಮತ್ತೆ ಹೇಳಿರಿ. ಹುಳದ ಬಗ್ಗೆ ವಾದವೂ ಬೇಡ, ಹೂಂಗುಟ್ಟುವುದೂ ಬೇಡ. ಕೈ ಹಿಡಿದು ಕೂತರಾಯಿತು. ಊರ ಮಂದಿಯೆಲ್ಲ ಮಂಚದ ಸುತ್ತ ನೆರೆಯುವುದಂತೂ ಬೇಡವೇ ಬೇಡ.

ಬಹಳ ಜನರಿಗೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ, ವಯಸ್ಸಾದವರಿಗೆ ವಾರಗಳೂ ಹಿಡಿದಾವು. ಮನೆಗೆ ಬಂದ ಮೇಲೆ ಗೊಂದಲ ಮರುಕಳಿಸಿದರೆ ತಾಯತಕ್ಕೆ ಅಲೆಯದೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.