ಗಣಕಯಂತ್ರಕ್ಕೆ ‘ಸಾಕು’ ಎನ್ನುವ ಬಗೆ

ಕಣಗಲಾದ ರೈತನೊಬ್ಬನು 10 ಮೊಳದ ಚೌಕ ಕಣವನ್ನು ಗುರುತಿಸುವನೆನ್ನೋಣ. ಮೂಲೆಯಿಂದ ಮೂಲೆಗೆ ಎಷ್ಟು ಹಗ್ಗ ಬೇಕು? 2ರ ವರ್ಗಮೂಲದ ಹತ್ತರಷ್ಟು. ಈ ಮೂಲವನ್ನು ಗಣಕಯಂತ್ರದಿಂದ ತೆಗೆಸುವ ಕ್ರಮವನ್ನು ವಾಚಕರಿಗೆ ತಿಳಿಸುವೆವು.

‘ಊಹೆ’ ಎಂಬ ಹೆಸರಿನ ಮನೆಯಲ್ಲಿ 1 ಅನ್ನಿಡಿರಿ. 2ನ್ನು ಅದರಿಂದ ಭಾಗಿಸಿರಿ. ಊಹೆಯು ಕಿರಿದಾದರೆ ಭಾಗಲಬ್ಧವು ಹಿರಿದು. ಮೂಲವು ಅವೆರಡರ ನಡುವೆ. ಆದುದರಿಂದ ಎರಡನ್ನೂ ಕೂಡಿಸಿ ಅರ್ಧಿಸಿ ಅದೇ ಮನೆಯಲ್ಲಿಡಿರಿ, ಹಳೆಯದು ಅಳಿಯುವುದು. ಇದನ್ನೇ ಮರಳಿ ಮರಳಿ ಮಾಡಿಸಿದರೆ 3/2, 17/12, 577/408 ಬರುವುವು. (ಶುಲ್ಬಸೂತ್ರಗಳ ಬೆಲೆಯೂ ಈ ಕೊನೆಯದೇ!)

ಯಂತ್ರಕ್ಕೆ ಬೇಸರವಿಲ್ಲ, ನಿಲ್ಲೆನ್ನದೆ ನಿಲ್ಲದು. ‘ವರ್ಗವು 2ಕ್ಕೆ ಸಮವಾದಾಗ ನಿಲ್ಲು’ ಎಂದು ಬರೆದು ನಾವು ಮೋಸಹೋದೆವು. ಮೂಲದ ದಶಾಂಶಗಳಿಗೆ ಕೊನೆಯಿಲ್ಲ, ಯಂತ್ರವು ಹಿಡಿಯುವ ಅಂಕಗಳಿಗೆ ಮಿತಿಯುಂಟು. ಆ ಸಮತೆ ಬರಲೇ ಇಲ್ಲ. ‘ವ್ಯತ್ಯಾಸವು ಇಷ್ಟಕ್ಕಿಂತ ಕಿರಿದಾದರೆ ಸಾಕು’ ಎನ್ನಬೇಕು. ಕಣಕ್ಕಂತೂ 577/408 ಸಾಕು: 10 ಮೊಳಕ್ಕೆ ತಪ್ಪು ಕೂದಲೆಳೆಯಷ್ಟೂ ಇಲ್ಲ.