ನಾದವನ್ನು ಕಟ್ಟುವ ಯಂತ್ರ

ವೀಣೆ, ಕೊಳಲು, ನಾಗಸ್ವರ ಈ ಮೂರೂ ಒಂದೇ ಷಡ್ಜವನ್ನು ನುಡಿಸುತ್ತಿವೆ ಎಂದು ಭಾವಿಸೋಣ. ಸ್ವರವು ಒಂದೇ ಆದರೂ, ಕಣ್ಣು ಮುಚ್ಚಿ ಕುಳಿತ ಕೇಳುಗನು ಇದು ವೀಣೆ, ಇದು ಕೊಳಲು, ಇದು ನಾಗಸ್ವರ ಎಂದು ಕೂಡಲೇ ಹೇಳಬಲ್ಲನು. ಸ್ವರದಲ್ಲಿ ಭೇದವಿಲ್ಲದಿರುವಾಗ ಈ ಗುರುತು ಸಿಕ್ಕುವುದು ಹೇಗೆ? ಈ ಪ್ರಶ್ನೆಯ ಉತ್ತರವನ್ನು ಅರಿತವನಿಗೆ ಹೊಸ ನಾದವೊಂದನ್ನು ತಾನೇ ಕಟ್ಟುವ ದಾರಿಯೂ ತೆರೆಯುತ್ತದೆ. ಸಿಂಥಸೈಜರ್ ಎಂಬ ವಾದ್ಯದ ಹಿಂದಿರುವುದು ಈ ಅರಿವೇ.

ನಾದವೆಂದರೆ ಗಾಳಿಯಲ್ಲಿ ಹರಡುವ ಕಂಪನ. ಸೆಕೆಂಡಿಗೆ 220 ಕಂಪನಗಳಾದರೆ ಒಂದು ಸ್ವರವು ಕೇಳಿಸುತ್ತದೆ; ಅವು ಇಮ್ಮಡಿಸಿ 440 ಆದರೆ ಅದೇ ಸ್ವರವು ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ. ಆದರೆ ವೀಣೆಯ ತಂತಿಯನ್ನು ಮೀಟಿದಾಗ ಅದು ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಮೂಲ ಕಂಪನದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಕೂಡಿರುತ್ತವೆ. ಇವುಗಳನ್ನು ಉಪಸ್ವರಗಳೆಂದು ಕರೆಯಬಹುದು. ಯಾವ ಉಪಸ್ವರವು ಎಷ್ಟು ಬಲವಾಗಿದೆ, ನಾದವು ಹೇಗೆ ಮೇಲೆದ್ದು ಹೇಗೆ ಅಡಗುತ್ತದೆ ಎಂಬುದೇ ಒಂದು ವಾದ್ಯವನ್ನು ಮತ್ತೊಂದರಿಂದ ಮುಖ್ಯವಾಗಿ ಬೇರ್ಪಡಿಸುತ್ತದೆ.

ಈ ಅಂಶಗಳನ್ನೆಲ್ಲ ವಿದ್ಯುತ್ತಿನಿಂದ ಹತೋಟಿಯಲ್ಲಿಡುವ ವಾದ್ಯವೊಂದನ್ನು ಅಮೆರಿಕದ ರಾಬರ್ಟ್ ಮೋಗ್ ಅವರು 1964ರಲ್ಲಿ ರೂಪಿಸಿದರು. ಅದರಲ್ಲಿ ನಾದವು ಮೂರು ಹಂತಗಳನ್ನು ದಾಟಿ ಬರುತ್ತದೆ. ಮೊದಲನೆಯದು ಅಲೆಯ ಉತ್ಪತ್ತಿ. ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಇರುವುದರಿಂದ ಅದರ ನಾದವು ತೀಕ್ಷ್ಣವಾಗಿರುತ್ತದೆ. ಚೌಕಾಕಾರದ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ ಇರುವುದರಿಂದ ಅದು ಟೊಳ್ಳಾಗಿ ಕೇಳಿಸುತ್ತದೆ. ಎರಡನೆಯದು ಶೋಧನೆ. ಜರಡಿಯು ಹಿಟ್ಟಿನಿಂದ ತೌಡನ್ನು ಬೇರ್ಪಡಿಸುವಂತೆ ಶೋಧಕವು ಬೇಡವಾದ ಉಪಸ್ವರಗಳನ್ನು ತಡೆಯುತ್ತದೆ. ಕಲ್ಲಿನಿಂದ ಬೇಡವಾದುದನ್ನು ಕೆತ್ತಿ ತೆಗೆದು ಶಿಲ್ಪಿಯು ಮೂರ್ತಿಯನ್ನು ಕಾಣಿಸುವ ಬಗೆಯೂ ಇದೇ ಅಲ್ಲವೆ? ಮೂರನೆಯದು ನಾದದ ಏರಿಳಿತ. ಮೀಟಿದ ತಂತಿಯ ನಾದವು ಥಟ್ಟನೆ ಎದ್ದು ನಿಧಾನವಾಗಿ ಕರಗುತ್ತದೆ. ಊದುವ ವಾದ್ಯದ ನಾದವು ಉಸಿರು ಇರುವವರೆಗೂ ನಿಲ್ಲುತ್ತದೆ. ಇಂಥ ಏರಿಕೆ, ನಿಲುವು, ಇಳಿಕೆಗಳನ್ನು ಇಲ್ಲಿ ಗುಂಡಿಗಳನ್ನು ತಿರುಗಿಸಿಯೇ ಗೊತ್ತುಪಡಿಸಬಹುದು.

ಈ ವಾದ್ಯವು ಭಾರತಕ್ಕೂ ಬೇಗನೆ ಬಂದಿತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಯಂತ್ರವೊಂದನ್ನು ನೆಲೆಗೊಳಿಸಲಾಯಿತು. ಗೀತಾ ಸಾರಾಭಾಯಿ ಮೊದಲಾದ ಕೆಲವರು ಅದರಲ್ಲಿ ಹೊಸ ನಾದಗಳನ್ನು ಪ್ರಯೋಗಿಸಿ ನೋಡಿದರು. ಆದರೆ ಕೆಲವರಿಗೆ ದೊರೆತ ಆ ಅವಕಾಶವು ಉಳಿದವರಿಗೆ ಎಟುಕದ ಮಾತಾಗಿತ್ತು. 1970ರಲ್ಲಿ ಹೊತ್ತೊಯ್ಯಬಹುದಾದಷ್ಟು ಚಿಕ್ಕದಾದ ‘ಮಿನಿಮೋಗ್’ ಸಿದ್ಧವಾಯಿತು. ಅದರ ಬೆಲೆಯೂ ಸಾವಿರ ಡಾಲರುಗಳನ್ನು ಮೀರಿತ್ತು. ಕಲಿಯಬೇಕೆಂಬ ಹಂಬಲವಿದ್ದರೂ ಹಣವಿಲ್ಲದವನಿಗೆ ಅದು ದೂರವೇ ಉಳಿಯಿತು.

ಈ ದೂರವನ್ನು ಕಡಿಮೆ ಮಾಡಿದುದು ಮೊಬೈಲ್ ಫೋನು. ಮಿನಿಮೋಗ್ ವಾದ್ಯವನ್ನೇ ಅನುಕರಿಸುವ ಆ್ಯಪ್ 2018ರಲ್ಲಿ ಹೊರಬಂದಿತು. ತೆರೆಯ ಮೇಲೆ ಹಳೆಯ ವಾದ್ಯದ ಗುಂಡಿಗಳೂ ಮನೆಗಳೂ ಚಿತ್ರರೂಪದಲ್ಲಿ ಕಾಣುತ್ತವೆ. ಆದರೆ ಅವುಗಳ ಹಿಂದೆ ಹಳೆಯ ವಿದ್ಯುನ್ಮಂಡಲಗಳಿಲ್ಲ, ಗಣಿತವಿದೆ. ಅಲೆಯು ಕ್ಷಣಕ್ಷಣಕ್ಕೂ ಯಾವ ಎತ್ತರದಲ್ಲಿರಬೇಕೆಂಬುದನ್ನು ಫೋನು ಲೆಕ್ಕಹಾಕುತ್ತದೆ. ಸೆಕೆಂಡಿಗೆ 44,100 ಸಂಖ್ಯೆಗಳಂತೆ ಲೆಕ್ಕಮಾಡುವುದು ರೂಢಿಯಲ್ಲಿರುವ ಒಂದು ಪ್ರಮಾಣ. ಹಾಗೆ ಮಾಡಿದಾಗ 440 ಕಂಪನಗಳ ಸ್ವರದಲ್ಲಿ ಒಂದೊಂದು ಕಂಪನಕ್ಕೂ ಸುಮಾರು ನೂರು ಸಂಖ್ಯೆಗಳು ಬೇಕಾಗುತ್ತವೆ. ಶೋಧಕದ ಕೆಲಸವೂ ಕೂಡುವ ಗುಣಿಸುವ ಲೆಕ್ಕವೇ. ಕೊನೆಗೆ ಈ ಸಂಖ್ಯೆಗಳು ವಿದ್ಯುತ್ತಾಗಿ ಮಾರ್ಪಟ್ಟು ಧ್ವನಿವರ್ಧಕವನ್ನು ಅಲುಗಿಸುತ್ತವೆ, ಗಾಳಿಯು ಕಂಪಿಸುತ್ತದೆ, ನಾದವು ಕೇಳಿಸುತ್ತದೆ. ಹಳೆಯ ಮಿನಿಮೋಗ್ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುತ್ತಿತ್ತು. ಆ್ಯಪ್ ನಾಲ್ಕನ್ನು ಒಟ್ಟಿಗೆ ನುಡಿಯಬಲ್ಲುದು. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಜನರು ಮನೆಗಳಲ್ಲೇ ಉಳಿಯಬೇಕಾಗಿ ಬಂದಾಗ, ತಯಾರಕರು ಈ ಆ್ಯಪನ್ನು ಸ್ವಲ್ಪ ಕಾಲ ಉಚಿತವಾಗಿ ನೀಡಿದರು.

ಕೆಲವು ಆ್ಯಪ್‌ಗಳಲ್ಲಿ ಬೆರಳನ್ನು ಗಾಜಿನ ಮೇಲೆ ಜಾರಿಸುತ್ತ ಒಂದು ಸ್ವರದಿಂದ ಇನ್ನೊಂದಕ್ಕೆ ಎಡೆಬಿಡದೆ ಸಾಗಬಹುದು. ಗಮಕವೇ ಜೀವವಾಗಿರುವ ನಮ್ಮ ಸಂಗೀತಕ್ಕೆ ಇದು ಉಪಯುಕ್ತವಾದ ಅನುಕೂಲ. ಹಾಗೆಂದು ಬೆರಳು ಜಾರಿದ ಮಾತ್ರಕ್ಕೆ ಗಮಕವಾಗದು. ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರವು ತಿಳಿಸುವುದಿಲ್ಲ. ಅದನ್ನು ತಿಳಿಸಬೇಕಾದವು ಗುರುಮುಖದ ಪಾಠ ಮತ್ತು ಪಳಗಿದ ಕಿವಿ.

ಇಂಥ ಆ್ಯಪ್‌ಗಳಲ್ಲಿ ಸಿದ್ಧಪಡಿಸಿಟ್ಟ ನಾದಗಳು ಬಹಳವಾಗಿರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ನುಡಿಸಿದರೆ ಕ್ಷಣಕಾಲದ ವಿನೋದವಷ್ಟೇ ದೊರೆಯುತ್ತದೆ. ಅದಕ್ಕೆ ಬದಲಾಗಿ ಒಂದೇ ಅಲೆಯನ್ನು ತೆಗೆದುಕೊಂಡು, ಶೋಧಕವನ್ನು ಮೆಲ್ಲನೆ ತಿರುಗಿಸಿ, ನಾದವು ಎಲ್ಲಿ ಬದಲಾಯಿತು, ಏಕೆ ಬದಲಾಯಿತು ಎಂದು ಕೇಳಿಕೊಳ್ಳುವ ವಿದ್ಯಾರ್ಥಿಗೆ ಭೌತವಿಜ್ಞಾನವೂ ಸಂಗೀತವೂ ಒಟ್ಟಿಗೆ ತಿಳಿಯತೊಡಗುತ್ತವೆ. ಒಂದು ಕಾಲದಲ್ಲಿ ಕೆಲವರ ಸೊತ್ತಾಗಿದ್ದ ವಾದ್ಯವು ಇಂದು ಅನೇಕರ ಅಂಗೈಗೆ ಬಂದಿದೆ. ಅದರಿಂದ ಏನನ್ನು ಕಲಿಯಬೇಕೆಂಬುದು ಅದನ್ನು ಹಿಡಿದವರಿಗೆ ಬಿಟ್ಟ ವಿಷಯ.