ಬದನೆಯ ಸೊರಗು ರೋಗವೂ ಅದರ ರೋಗಾಣುವನ್ನು ಗುರುತಿಸುವ ಕ್ರಮವೂ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರದ ಕಡೆಗಳಲ್ಲಿ ಬತ್ತದ ಕೊಯ್ಲಾದ ಮೇಲೆ ಗದ್ದೆಗಳಲ್ಲಿಯೂ, ಮನೆಯ ಹಿತ್ತಿಲುಗಳಲ್ಲಿಯೂ ಬದನೆ, ಮೆಣಸು ಮುಂತಾದ ತರಕಾರಿಗಳನ್ನು ಬೆಳೆಯುವುದುಂಟು. ಈ ಬೆಳೆಗಳಿಗೆ ತಗಲುವ ರೋಗಗಳಲ್ಲಿ ಸೊರಗು ರೋಗವು ಬಹಳ ಹಾನಿಕರವಾದುದು. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ಬಾಡಿ ಸಾಯುವುದರಿಂದ, ಗೊಬ್ಬರಕ್ಕೂ ಕೂಲಿಗೂ ಮಾಡಿದ ವೆಚ್ಚವು ವ್ಯರ್ಥವಾಗುತ್ತದೆ.

ಗಿಡವು ಬಾಡುವುದಕ್ಕೆ ಕಾರಣಗಳು ಹಲವು. ನೀರಿನ ಕೊರತೆ, ಬೇರಿನಲ್ಲಿ ಗಂಟು ಮಾಡುವ ಜಂತು, ಬೂಷ್ಟು, ಬ್ಯಾಕ್ಟೀರಿಯ, ಇವುಗಳಲ್ಲಿ ಯಾವುದಾದರೂ ಒಂದು ಇರಬಹುದು. ಒಂದಕ್ಕೆ ಹೇಳಿದ ಮದ್ದು ಮತ್ತೊಂದಕ್ಕೆ ನಾಟದು. ಆದುದರಿಂದ ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ ಕಾರಣವನ್ನು ನಿಶ್ಚಯಿಸಿಕೊಳ್ಳತಕ್ಕದ್ದು.

ರೋಗದ ಚಿಹ್ನೆಗಳು.— ಬೂಷ್ಟಿನಿಂದ ಸೊರಗುವ ಗಿಡದಲ್ಲಿ ಸಾಮಾನ್ಯವಾಗಿ ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಗಿಡವು ನಿಧಾನವಾಗಿ ಬಾಡುತ್ತದೆ. ಬ್ಯಾಕ್ಟೀರಿಯದಿಂದಾದರೆ ಎಲೆಗಳು ಹಸುರಾಗಿರುವಾಗಲೇ ಜೋಲುಬೀಳುತ್ತವೆ. ರಾಲ್‌ಸ್ಟೋನಿಯ ಎಂಬ ಈ ರೋಗಾಣುವನ್ನು 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಎಂಬ ಪಂಡಿತರು ಮೊದಲು ವರ್ಣಿಸಿದರು. ಇದು ಮಣ್ಣಿನಲ್ಲಿದ್ದು, ಬೇರಿನ ಗಾಯಗಳ ಮೂಲಕ ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಲೋಳೆಯಿಂದ ಮುಚ್ಚಿಬಿಡುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡವು ಬಾಡುವುದು ಇದರಿಂದಲೇ.

ಲೋಟದ ಪರೀಕ್ಷೆ.— ಇದನ್ನು ರೈತರು ಮನೆಯಲ್ಲಿಯೇ ಮಾಡಬಹುದು. ಆಗತಾನೆ ಬಾಡಿದ ಗಿಡದ ಬುಡದಿಂದ ಎರಡು ಅಂಗುಲದ ಕಾಂಡವನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅದರ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆಯು ಕೆಳಗಿಳಿದರೆ ಬ್ಯಾಕ್ಟೀರಿಯವೆಂದು ತಿಳಿಯಬಹುದು. ಬೂಷ್ಟಿನ ರೋಗದಲ್ಲಿ ಈ ಎಳೆಯು ಬಾರದು. ಪೂರ್ಣವಾಗಿ ಒಣಗಿದ ಗಿಡವು ಈ ಪರೀಕ್ಷೆಗೆ ಉಪಯೋಗವಿಲ್ಲ.

ಪ್ರಯೋಗಶಾಲೆಯ ಪರೀಕ್ಷೆಗಳು.— ಬ್ಯಾಕ್ಟೀರಿಯಗಳೆಲ್ಲವೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚು ಕಡಮೆ ಒಂದೇ ತೆರನಾಗಿ ಕಾಣುವುದರಿಂದ, ರೂಪಕ್ಕಿಂತಲೂ ಅವು ಮಾಡುವ ಕೆಲಸದಿಂದ ಅವುಗಳನ್ನು ಗುರುತಿಸಬೇಕಾಗುತ್ತದೆ. ಮೊದಲು 1884ರಲ್ಲಿ ಡೆನ್ಮಾರ್ಕಿನ ಗ್ರಾಂ ಎಂಬವರು ಪ್ರಕಟಿಸಿದ ಕ್ರಮದಂತೆ ಬಣ್ಣ ಹಾಕುತ್ತಾರೆ. ನೇರಿಳೆ ಬಣ್ಣವನ್ನು ಹಿಡಿದುಕೊಳ್ಳುವುದು ಒಂದು ಪಂಗಡ, ಬಿಟ್ಟುಬಿಡುವುದು ಇನ್ನೊಂದು. ಸೊರಗಿನ ರೋಗಾಣುವು ಎರಡನೆಯ ಪಂಗಡದ್ದು.

ಬಳಿಕ ಅದನ್ನು ಆಹಾರದ ಮೇಲೆ ಬೆಳೆಯಿಸುತ್ತಾರೆ. ಸಮುದ್ರಪಾಚಿಯಿಂದ ತೆಗೆದ ಅಗರ್ ಎಂಬ ಅಂಟಿಗೆ ಸಕ್ಕರೆಯನ್ನೂ ಇತರ ಪೋಷಕಗಳನ್ನೂ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸುವುದು ಸಾಮಾನ್ಯ ಕ್ರಮ. ಆದರೆ ಮಣ್ಣಿನಿಂದ ಬಂದ ನಾನಾ ಜಾತಿಯ ಜೀವಿಗಳು ಅಲ್ಲಿ ಕಳೆಯಂತೆ ಹಬ್ಬುತ್ತವೆ. ಅದಕ್ಕಾಗಿ, ಇತರ ಜೀವಿಗಳನ್ನು ತಡೆದು ಈ ರೋಗಾಣುವನ್ನು ಮಾತ್ರ ಉಳಿಯಗೊಡುವ ಔಷಧಿಗಳನ್ನು ಆಹಾರದಲ್ಲಿ ಸೇರಿಸುತ್ತಾರೆ. ಇದು ಸಸಿಮಡಿಯಲ್ಲಿ ಕಳೆ ಕಿತ್ತಂತೆಯೇ ಸರಿ. 1954ರಲ್ಲಿ ಅಮೆರಿಕದ ಕೆಲ್ಮನ್ ಎಂಬವರು ಟೆಟ್ರಜೋಲಿಯಂ ಎಂಬ ವಸ್ತುವನ್ನು ಬೆರೆಸುವ ಕ್ರಮವನ್ನು ತೋರಿಸಿದರು. ಆ ತಟ್ಟೆಯನ್ನು ಸುಮಾರು 28ರಿಂದ 30 ಸೆಂಟಿಗ್ರೇಡ್ ಡಿಗ್ರಿ ಶಾಖದಲ್ಲಿ ಎರಡು ದಿನಗಳಷ್ಟು ಇಟ್ಟರೆ, ರೋಗಕಾರಕ ಬಗೆಯು ನಡುವೆ ನಸುಗೆಂಪಾಗಿ ಅಂಚಿನಲ್ಲಿ ಬೆಳ್ಳಗಿರುವ ಲೋಳೆಯ ಗುಂಪುಗಳಾಗಿ ಬೆಳೆಯುತ್ತದೆ. ರೋಗಶಕ್ತಿಯನ್ನು ಕಳೆದುಕೊಂಡ ಬಗೆಯಾದರೆ ಸಣ್ಣ, ದುಂಡಗಿನ, ಕಡುಗೆಂಪು ಗುಂಪುಗಳಾಗುತ್ತವೆ.

ಕೊನೆಗೆ ಬೇರೆ ಬೇರೆ ಸಕ್ಕರೆಗಳನ್ನು ಕೊಟ್ಟು ನೋಡುತ್ತಾರೆ. ರೋಗಾಣುವು ಸಕ್ಕರೆಯನ್ನು ಬಳಸಿಕೊಂಡರೆ ಹುಳಿಯುಂಟಾಗಿ, ಹಸುರಾಗಿದ್ದ ನಳಿಕೆಯು ಹಳದಿಗೆ ತಿರುಗುತ್ತದೆ. 1964ರಲ್ಲಿ ಹೇವರ್ಡ್ ಎಂಬವರು ಈ ಕ್ರಮದಿಂದಲೇ ರೋಗಾಣುವಿನ ಉಪಪಂಗಡಗಳನ್ನು ವಿಂಗಡಿಸಿದರು.

ಮಾದರಿಯನ್ನು ಒಪ್ಪಿಸುವ ಕ್ರಮ.— ಆಗತಾನೆ ಬಾಡಿದ ಎರಡು ಮೂರು ಗಿಡಗಳನ್ನು ಬೇರು, ಸ್ವಲ್ಪ ಮಣ್ಣು ಸಹಿತವಾಗಿ ಕಿತ್ತು, ಕಾಗದದಲ್ಲಿ ಸುತ್ತಿ, ಕೊಳೆಯುವುದಕ್ಕೆ ಮುಂಚೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೋರಿಸಿ ಸಲಹೆ ಪಡೆಯಬೇಕು. ಗದ್ದೆಯಲ್ಲಿ ಹಿಂದೆ ಇದ್ದ ಬೆಳೆಯನ್ನೂ, ಸಸಿ ತಂದ ಸ್ಥಳವನ್ನೂ ತಿಳಿಸತಕ್ಕದ್ದು.

ನಿವಾರಣೋಪಾಯಗಳು.— ರೋಗವು ನಾಳದೊಳಗಿರುವುದರಿಂದ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಸುಣ್ಣದ ದ್ರಾವಣವನ್ನು ಎಲೆಗಳಿಗೆ ಹೊಡೆದು ಪ್ರಯೋಜನವಿಲ್ಲ. ಬೂಷ್ಟಿನ ಔಷಧಿಗಳೂ ನಿಷ್ಫಲವೇ. ಬಾಡಿದ ಗಿಡವು ಪುನಃ ಚೇತರಿಸದು. ಆದುದರಿಂದ—

1. ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ತಿಪ್ಪೆಗೆ ಹಾಕಕೂಡದು.

2. ಆ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಬಿಡಕೂಡದು. ಉಪಯೋಗಿಸಿದ ಹಾರೆ, ಪಿಕಾಸಿಗಳನ್ನು ತೊಳೆದಿಡಬೇಕು.

3. ಅದೇ ನೆಲದಲ್ಲಿ ಮತ್ತೆ ಬದನೆ, ಮೆಣಸು, ಟೊಮೇಟೊಗಳನ್ನು ಹಾಕದೆ, ನೀರು ನಿಲ್ಲುವಲ್ಲಿ ಬತ್ತವನ್ನು ಬೆಳೆಯಬೇಕು. ನೀರು ನಿಂತ ನೆಲದಲ್ಲಿ ರೋಗಾಣುಗಳು ಕಡಮೆಯಾಗುತ್ತವೆ.

4. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕ ಕೇಶವ, ಅರ್ಕ ನೀಲಕಂಠ, ಅರ್ಕ ನಿಧಿ ಎಂಬ ಬದನೆಯ ತಳಿಗಳು ಈ ರೋಗವನ್ನು ತಡೆದುಕೊಳ್ಳುತ್ತವೆ. ಊರಿನ ತಳಿಯೇ ಬೇಕೆಂಬವರು ಅದನ್ನು ಕಾಡುಸುಂಡೆಯ ಬುಡಕ್ಕೆ ಕಸಿಮಾಡಿ ನೆಡಬಹುದು.

ಈ ರೋಗವು ಸಸಿ, ನೀರು, ಮಣ್ಣುಗಳೊಡನೆ ಗದ್ದೆಯಿಂದ ಗದ್ದೆಗೆ ಹೋಗತಕ್ಕದ್ದಾದುದರಿಂದ ಒಬ್ಬರ ಎಚ್ಚರಿಕೆಯು ಸಾಲದು. ಊರಿನ ಮುಖಂಡರು ಲೋಟದ ಪರೀಕ್ಷೆಯನ್ನು ನೆರೆಹೊರೆಯವರಿಗೆ ಮಾಡಿ ತೋರಿಸಿ, ರೋಗ ಕಂಡ ಮಡಿಯ ಸಸಿಗಳನ್ನು ಯಾರೂ ಕೊಡದಂತೆಯೂ ಕೊಳ್ಳದಂತೆಯೂ ನೋಡಿಕೊಂಡರೆ ಊರಿನವರೆಲ್ಲರ ಬೆಳೆಯೂ ಉಳಿಯುವುದು.